ಕೊಡಚಾದ್ರಿ ಜೀಪು ದಾರಿಯಲ್ಲಿ ಹೊರಗಿನ ಗಿಡಗಳ ಲೆಕ್ಕ

ಐವತ್ತು ಮೀಟರ್ ಹಗ್ಗ, ಎರಡು ಮೀಟರಿನ ಕೋಲು, ಪುಸ್ತಕ, ಪೆನ್ಸಿಲ್. ಪೆನ್ ಬೇಡ, ಮಂಜಿಗೆ ಶಾಯಿ ಕದಡಿಹೋಗುತ್ತದೆ. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು. ಹೊರಗಿನಿಂದ ಬಂದ ಗಿಡಗಳು ಬೆಟ್ಟವನ್ನು ಎಲ್ಲಿಯವರೆಗೆ ಹತ್ತಿವೆ ಅಂತ ನೋಡಲು ಇಷ್ಟು ಸಾಕು. ಆದರೆ ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದ ಒಳಗಿದೆ. ಅರಣ್ಯ ಇಲಾಖೆಯ ಅನುಮತಿ ಮೊದಲು, ಹಗ್ಗ ಆಮೇಲೆ.

ವಿಧಾನ ನನ್ನದಲ್ಲ. ಬೆಟ್ಟಗಳಿಗೆ ನುಗ್ಗುವ ಪರದೇಶಿ ಗಿಡಗಳ ಬಗ್ಗೆ ಕೆಲಸ ಮಾಡಲು 2005ರಲ್ಲಿ ಮಿರೆನ್ ಎಂಬ ವಿಜ್ಞಾನಿಗಳ ಜಾಲ ಹುಟ್ಟಿತು. ಆಲ್ಪ್ಸ್, ಆಂಡಿಸ್‌ನಂಥ ಚಳಿ ಬೆಟ್ಟಗಳಲ್ಲಿ ಅವರು ಒಂದೇ ಅಳತೆಯಲ್ಲಿ ಎಣಿಸುತ್ತಾರೆ. ರಸ್ತೆಯ ಕೆಳತುದಿಯಿಂದ ಮೇಲ್ತುದಿಗೆ ಸಮಾನ ಎತ್ತರದ ಅಂತರದಲ್ಲಿ 20 ಜಾಗ. ಪ್ರತಿ ಜಾಗದಲ್ಲೂ ರಸ್ತೆ ಅಂಚಿಗೆ 50 ಮೀಟರ್ ಉದ್ದ, 2 ಮೀಟರ್ ಅಗಲದ ಪಟ್ಟಿ. ಅದರ ನಡುವಿನಿಂದ ರಸ್ತೆ ಬಿಟ್ಟು ನೇರ ಒಳಕ್ಕೆ ಇಂಥವೇ ಇನ್ನೆರಡು ಪಟ್ಟಿ. ಐದು ವರ್ಷಕ್ಕೊಮ್ಮೆ ಮತ್ತೆ ಅದೇ ಜಾಗ.

ನಮ್ಮ ಬೆಟ್ಟ 1343 ಮೀಟರ್ ಅಷ್ಟೇ, ಹಿಮ ಬೀಳುವುದಿಲ್ಲ. ಆದರೂ ಕಟ್ಟಿನಹೊಳೆ ಕಡೆಯಿಂದ ಹತ್ತುವ ಜೀಪು ದಾರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೆಳಗೆ ತೋಟ, ಗದ್ದೆ. ನಡುವೆ ದಟ್ಟ ಕಾಡು. ಮೇಲೆ ಗಾಳಿ ಬಡಿಯುವ ಹುಲ್ಲುಗಾವಲು. ನಾನು ಪ್ರತಿ 50 ಮೀಟರ್ ಎತ್ತರ ಏರಿದಾಗ ಒಂದೊಂದು ಜಾಗ ಗುರುತು ಮಾಡಿಕೊಂಡೆ. ಮರಗಳ ಅಡಿ ಮೊಬೈಲ್ ತೋರಿಸುವ ಎತ್ತರ ಒಂದೇ ಕಡೆ ನಿಲ್ಲುವುದಿಲ್ಲ. ಹಾಗಾಗಿ ಎತ್ತರದ ಗೆರೆಗಳಿರುವ ನಕ್ಷೆಗೆ ತಾಳೆ ಹಾಕಿಕೊಂಡೇ ಹೋದೆ.

ಮಳೆಗಾಲದಲ್ಲಿ ಹೋಗಿ ಪ್ರಯೋಜನವಿಲ್ಲ. ಎಲ್ಲಾ ಹಸಿರೇ, ಹೂವಿಲ್ಲದೆ ಗುರುತು ಕಷ್ಟ. ಮಳೆ ನಿಂತ ಮೇಲೆ, ದೀಪಾವಳಿ ಕಳೆದ ಹೊತ್ತು ಒಳ್ಳೆಯದು. ಯುಪಟೋರಿಯಂ ಎಂಬ ಹೊರಗಿನ ಕಳೆ ಇನ್ನೂ ತಡವಾಗಿ ಹೂ ಬಿಡುತ್ತದೆ. ಆದರೆ ಅದರ ಎಲೆ ಉಜ್ಜಿದರೆ ಬರುವ ಘಾಟು ಸಾಕು. ಜೀಪಿನವರೊಬ್ಬರು ಗಾಡಿ ನಿಲ್ಲಿಸಿ, "ಎಂತ ಮಾರಾಯ್ರೆ, ಕಳೆ ಎಣಿಸೋಕೂ ಹಗ್ಗ ಬೇಕಾ?" ಅಂದರು. ಬೇಕು. ಹಗ್ಗ ಇಲ್ಲದಿದ್ದರೆ ಕಣ್ಣು ಕಂಡ ಕಡೆಗೇ ಹೋಗುತ್ತದೆ. ಲಂಟಾನದ ಬಣ್ಣದ ಹೂವನ್ನೇ ಬರೆಯುತ್ತೇವೆ, ಕಾಲಡಿಯ ಮುಟ್ಟಿದರೆ ಮುನಿ ಬಿಟ್ಟುಹೋಗುತ್ತದೆ. ಅದೂ ಅಮೆರಿಕ ಖಂಡದ್ದೇ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ!

ತಪ್ಪಲಲ್ಲಿ ಒಂದೇ ಪಟ್ಟಿಯಲ್ಲಿ ಯುಪಟೋರಿಯಂ, ಲಂಟಾನ, ಅಜೆರಾಟಂ ಎಂಬ ಇನ್ನೊಂದು ಹೊರಗಿನ ಕಳೆ, ಮುಟ್ಟಿದರೆ ಮುನಿ ಎಲ್ಲಾ ಸಿಕ್ಕಿದವು. ಹತ್ತುತ್ತಾ ಹೋದಂತೆ ಒಂದೊಂದೇ ಬಿಟ್ಟುಹೋದವು. ಗಮನಿಸಬೇಕಾದ್ದು ಏನೆಂದರೆ, ಮೇಲೆ ಸಿಕ್ಕಿದ್ದರಲ್ಲಿ ಕೆಳಗೆ ಇಲ್ಲದ್ದು ಯಾವುದೂ ಇರಲಿಲ್ಲ. ದೊಡ್ಡ ಬೆಟ್ಟಗಳಲ್ಲೂ ಹೆಚ್ಚಿನ ಕಡೆ ಹೀಗೇ. ಹೊರಗಿನ ಗಿಡ ಮೊದಲು ಬಂದು ಬೀಳುವುದು ಜನ ಜಾಸ್ತಿ ಇರುವ ತಗ್ಗಿನಲ್ಲಿ. ಅವುಗಳಲ್ಲಿ ಸೆಕೆಯನ್ನೂ ಚಳಿಯನ್ನೂ ತಾಳಿಕೊಳ್ಳುವಂಥವು ಮಾತ್ರ ಮೇಲೇರುತ್ತವೆ. ಚಳಿಗೇ ಒಗ್ಗಿದ ಗಿಡ ಬೇರೆ ಕಡೆಯಿಂದ ನೇರವಾಗಿ ತುದಿಗೆ ಬಂದು ಇಳಿಯುವುದು ಅಪರೂಪ. ಹಾಗಂತ ಚಳಿ ಇದೆ ಎಂದು ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಬೇರೆ ಬೇರೆ ಖಂಡಗಳ 11 ಬೆಟ್ಟ ಪ್ರದೇಶಗಳಲ್ಲಿ ಮತ್ತೆ ಮತ್ತೆ ಎಣಿಸಿದಾಗ, ಹೊರಗಿನ ಗಿಡಗಳ ಜಾತಿಗಳ ಸಂಖ್ಯೆ ಹತ್ತು ವರ್ಷಕ್ಕೆ ಸರಾಸರಿ ಶೇ. 16ರಷ್ಟು ಹೆಚ್ಚಿತ್ತು.

ನನಗೆ ಜಾಸ್ತಿ ಕಲಿಸಿದ್ದು ಒಳಕ್ಕೆ ಹೋಗುವ ಪಟ್ಟಿ. ಬೇಜಾರಿನ ಕೆಲಸ ಅದು. ಮುಳ್ಳು, ಬೆತ್ತ, ಜಾರು, ಹಗ್ಗ ಬೇರೆ ಸಿಕ್ಕಿಕೊಳ್ಳುತ್ತದೆ. ಆದರೆ ಅಂಚಿನಲ್ಲಿ ಎದೆಮಟ್ಟ ಬೆಳೆದ ಯುಪಟೋರಿಯಂ, ಮರದ ನೆರಳು ಕೂಡಿದಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಬಿಸಿಲು ಬೇಕು, ಕೆದಕಿದ ಮಣ್ಣು ಬೇಕು. ಚರಂಡಿ ತೋಡಿ ಮಣ್ಣು ಎಳೆದುಹಾಕಿದ ಕಡೆ, ಮರ ಬಿದ್ದು ಬೆಳಕು ಬಿದ್ದ ಕಡೆ ಒಳಗೂ ಇತ್ತು. ರಸ್ತೆ ಅಂಚು ಮಾತ್ರ ನೋಡಿ ಬಂದವರು ಕಾಡೇ ಹೋಯ್ತು ಅನ್ನುತ್ತಾರೆ. ಕಾಡು ಮಾತ್ರ ನೋಡಿದವರು ಏನೂ ಆಗಿಲ್ಲ ಅನ್ನುತ್ತಾರೆ. ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟರೆ ಮಾತ್ರ ಸರಿಯಾದ ಲೆಕ್ಕ, ಅಲ್ವಾ?

ಮೇಲಿನ ಹುಲ್ಲುಗಾವಲಿಗೆ ನೆರಳಿನ ಕಾವಲು ಇಲ್ಲ. ಅಲ್ಲಿ ನಾನು ಕಾಲುದಾರಿ, ಜೀಪು ತಿರುಗಿಸುವ ಜಾಗ, ಜನ ಕೂತು ಉಣ್ಣುವ ಜಾಗಗಳನ್ನು ಬೇರೆಯಾಗಿ ನೋಡುತ್ತೇನೆ. ಚಕ್ರದ ಕೆಸರು, ಬೂಟಿನ ಮಣ್ಣಿನ ಜೊತೆ ಬೀಜ ಬರುವುದು ಅಲ್ಲಿಗೇ. ಒಂಟಿ ಗಿಡ ಕಂಡರೆ ಫೋಟೋ ತೆಗೆದು, ಜಾಗ ಬರೆದು ಅರಣ್ಯ ಇಲಾಖೆಗೆ ಕೊಡುತ್ತೇನೆ. ಅಭಯಾರಣ್ಯದಲ್ಲಿ ನಾವೇ ಕೈ ಹಾಕುವ ಹಾಗಿಲ್ಲ. ಹೂ ಬಿಡುವ ಮೊದಲೇ ಬೇರು ಸಮೇತ ಕೀಳಿಸಿ ಅಂತಲೂ ಬರೆದಿರುತ್ತೇನೆ. ಬೀಜ ಗಾಳಿಗೆ ಹಾರಿದ ಮೇಲೆ ಒಂದು ಗಿಡ ಕಿತ್ತು ಏನೂ ಉಪಯೋಗವಿಲ್ಲ.