ಹದಿಮೂರು ಅಡಿಯ ದಾರಿ ಒಂಬತ್ತಕ್ಕೆ ಇಳಿಯಿತು

ಪೀಣ್ಯದ ನಮ್ಮ ಗೋಡೌನಿನ ಅಗಲ 66 ಅಡಿ. ಎರಡು ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್ ಗಾಡಿ ಪ್ಯಾಲೆಟ್ (ಮಾಲು ಪೇರಿಸುವ ಹಲಗೆಯ ಮಣೆ) ಹೊತ್ತು ತಿರುಗಲು ಸಾಲುಗಳ ನಡುವೆ 13 ಅಡಿ ದಾರಿ ಬೇಕಿತ್ತು. ಹಾಗಾಗಿ ಆರು ಸಾಲು ರ‍್ಯಾಕಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಮಾಲು ಜಾಸ್ತಿಯಾದಾಗ ಎಲ್ಲರೂ ಹೇಳಿದ್ದು, ಪಕ್ಕದ ಶೆಡ್ ಹಿಡಿಯಿರಿ ಅಂತ. ಬಾಡಿಗೆ ತಿಂಗಳಿಗೆ ಒಂದೂಕಾಲು ಲಕ್ಷದ ಆಸುಪಾಸು, ಅಡ್ವಾನ್ಸ್ ಬೇರೆ. ನಾನು ರೀಚ್ ಟ್ರಕ್ ಹಾಕೋಣ ಅಂದೆ. ಮಾಲೆತ್ತುವ ಕಬ್ಬಿಣದ ತೋಳುಗಳನ್ನು, ಅಂದರೆ ಫೋರ್ಕನ್ನು, ಮುಂದಕ್ಕೆ ಚಾಚಿ ಹಿಂದಕ್ಕೆ ಎಳೆದುಕೊಳ್ಳುವ ಬ್ಯಾಟರಿ ಗಾಡಿ ಅದು, ಕಮ್ಮಿ ದಾರಿ ಸಾಕು. ಗಾಡಿ ಮಾರಲು ಬಂದವರೇ ನೆಲ ನೋಡಿ, "ಇಲ್ಲಿ ಆಗಲ್ಲ ಸರ್" ಅಂದು ಹೋದರು. ಆದರೂ ಹಾಕಿದೆವು. ಈಗ ಒಂಬತ್ತು ಅಡಿ ದಾರಿ, ಎಂಟು ಸಾಲು, ಮೇಲೆ ಒಂದು ಅಂತಸ್ತು ಹೆಚ್ಚು. ನಾನೂರು ಪ್ಯಾಲೆಟ್ ಇದ್ದ ಕಡೆ ಏಳುನೂರು ಕೂತಿವೆ.

ರೀಚ್ ಟ್ರಕ್ಕಿಗೂ ಮೊದಲು ಬ್ಯಾಟರಿ ಸ್ಟ್ಯಾಕರ್ ಅನ್ನೋ ಸಣ್ಣ ಎತ್ತುಗಾಡಿಯನ್ನು ಬಾಡಿಗೆಗೆ ತರಿಸಿದ್ದೆವು. ಅಗ್ಗ, ದಾರಿಯೂ ಕಮ್ಮಿ ಸಾಕು. ಆದರೆ ಅದರ ಕಾಲುಗಳು ಫೋರ್ಕಿನ ಅಡಿಯಲ್ಲೇ ಇರುತ್ತವೆ. ನಮಗೆ ಬರುವ ಮರದ ಪ್ಯಾಲೆಟ್ಟುಗಳಲ್ಲಿ ಅರ್ಧಕ್ಕರ್ಧ ತಳದಲ್ಲೂ ಹಲಗೆ ಹೊಡೆದವು. ಫೋರ್ಕ್ ಮೇಲಿನ ಹಲಗೆಯನ್ನು ಎತ್ತುತ್ತೆ, ಕಾಲು ತಳದ ಹಲಗೆಯನ್ನು ಒತ್ತಿ ಹಿಡಿಯುತ್ತೆ, ಮೊಳೆ ಸಮೇತ ಕಿತ್ತು ಬರುತ್ತೆ. ಬಾಡಿಗೆ ದುಡ್ಡು ಹೋಯಿತು, ಪ್ಯಾಲೆಟ್ಟೂ ಹೋದವು.

ನಡು ಮುರಿದು ತಿರುಗುವ ಆರ್ಟಿಕ್ಯುಲೇಟೆಡ್ ಗಾಡಿ ಆರೂವರೆ ಅಡಿಯಲ್ಲೇ ಓಡಾಡುತ್ತೆ, ಬೆಲೆ ಕೇಳಿ ಸುಮ್ಮನಾದೆವು. ತೀರಾ ಇಕ್ಕಟ್ಟಿನ ದಾರಿಗೆಂದೇ ಇರುವ ವಿಎನ್‌ಎ ಗಾಡಿಗೆ ಕನ್ನಡಿಯಂಥ ನೆಲ ಬೇಕು, ಅದು ಹೊಸದಾಗಿ ಕಟ್ಟುವವರಿಗೆ.

ಸೆಕೆಂಡ್ ಹ್ಯಾಂಡ್ ರೀಚ್ ಟ್ರಕ್ ಎಂಟು ಲಕ್ಷಕ್ಕೆ ಬಂತು. ಬ್ಯಾಟರಿ ಸತ್ತಿತ್ತು, ಹೊಸ 48 ವೋಲ್ಟಿನದಕ್ಕೆ ಎರಡೂಕಾಲು ಲಕ್ಷ. ನಿಜವಾದ ಕಾಟ ಕೊಟ್ಟಿದ್ದು ನೆಲವೇ. ಗಟ್ಟಿ ಪ್ಲಾಸ್ಟಿಕ್ಕಿನಂಥ ಪಾಲಿಯುರೆಥೇನ್ ಚಕ್ರಗಳು ಅಂಗೈಯಗಲದವು, ಕಾಂಕ್ರೀಟ್ ಜಾಯಿಂಟಿನ ಅಂಚು ಮುರಿದ ಕಡೆ ದಡ್ ಅಂತ ಬಿದ್ದು ಚಕ್ಕೆ ಏಳುತ್ತಿದ್ದವು. ಜೋಡಿಗೆ ಹನ್ನೆರಡು ಸಾವಿರ, ಶುರುವಿನಲ್ಲಿ ಪದೇ ಪದೇ ಹಾಕಿಸಿದೆವು. ಇಡೀ ನೆಲಕ್ಕೆ ಎಪಾಕ್ಸಿ ಲೇಪ ಹಾಕಿಸಲು ಕೊಟ್ಟ ಕೊಟೇಷನ್ ನೋಡಿ ಓನರ್ ಫೈಲ್ ಮುಚ್ಚಿದರು. ಆಗ ಚಕ್ರ ಓಡುವ ಪಟ್ಟಿಯಷ್ಟನ್ನೇ ಉಜ್ಜಿಸಿ, ಜಾಯಿಂಟುಗಳನ್ನು ಕತ್ತರಿಸಿ ತುಂಬಿಸಿದೆ. ಖರ್ಚು ಒಂದೂವರೆ ಲಕ್ಷ. ಏನು ತುಂಬಿಸಿದೆ, ಯಾವ ಅಳತೆಯಲ್ಲಿ ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಆಮೇಲೆ ಚಕ್ರ ಒಡೆದಿಲ್ಲ.

ಹೆಚ್ಚುವರಿ ರ‍್ಯಾಕ್ ಸೇರಿ ಇಪ್ಪತ್ತು ಲಕ್ಷದೊಳಗೆ ಮುಗಿಯಿತು. ಶೆಡ್ ಹಿಡಿದಿದ್ದರೆ ಒಂದೂವರೆ ವರ್ಷದಲ್ಲಿ ಬಾಡಿಗೆಗೇ ಇಷ್ಟು ಸುರಿಯಬೇಕಿತ್ತು, ಅಲ್ಲಿಗೂ ರ‍್ಯಾಕ್ ಬೇಕಿತ್ತು. ಡೀಸೆಲ್ ಗಾಡಿ ಮಾರಿಲ್ಲ. ಅಂಗಳದಲ್ಲಿ ಲಾರಿಗೆ ಮಾಲು ಹಾಕಲು ಅದೇ ಬೇಕು, ರೀಚ್ ಟ್ರಕ್ ಜಲ್ಲಿ ಮೇಲೆ ಇಳಿಯೋ ಗಾಡಿಯಲ್ಲ.

ಇನ್ನೊಂದು ಪ್ರಯೋಗ: ಫೋರ್ಕಿನ ಮಟ್ಟ ಪ್ಯಾಲೆಟ್ ಕೂರುವ ಮೇಲಿನ ಬೀಮಿಗೆ ಸರಿಯಾಗಿದೆಯೋ ಇಲ್ಲವೋ ಆಪರೇಟರಿಗೆ ಕೆಳಗಿಂದ ಕಾಣಲ್ಲ. ಹಳೇ ಮೊಬೈಲನ್ನು ಕ್ಯಾಮೆರಾ ಮಾಡಿ ಕಟ್ಟಿದೆವು, ಚಿತ್ರ ಅದುರಿ ಕೆಲಸಕ್ಕೆ ಬರಲಿಲ್ಲ. ಫೋರ್ಕ್ ಹಿಡಿದಿರುವ ಕ್ಯಾರೇಜಿಗೆ ಐನೂರು ರೂಪಾಯಿಯ ಲೇಸರ್ ಕೂರಿಸಿದ ಮೇಲೆ ಕೆಂಪು ಗೆರೆ ನೋಡಿಕೊಂಡೇ ತಳ್ಳುತ್ತಾನೆ. ಮೇಲಿನ ಅಂತಸ್ತಿಗೆ ಮಾತ್ರ ಹಗುರ ಮಾಲೇ ಹೋಗಬೇಕು. ಗಾಡಿಗೆ 1.6 ಟನ್ ಅಂತಿದ್ದರೂ ಎತ್ತರಕ್ಕೆ ಹೋದಂತೆ ತಾಕತ್ತು ಇಳಿಯುತ್ತೆ. ಯಾವ ಎತ್ತರಕ್ಕೆ ಎಷ್ಟು ತೂಕ ಅಂತ ಗಾಡಿಯ ಪ್ಲೇಟಿನ ಮೇಲಿರುವ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಕಂಬಕ್ಕೆ ಬರೆಸಿಟ್ಟಿದ್ದೇನೆ.