ಘಾಟಿ ಇಳಿದು ಗಾಳ ಹಾಕುವ ಮುಂಚೆ ಕಡಲಿನ ಏರು-ಇಳಿತ ನೋಡಿಕೊಳ್ಳಿ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಅಷ್ಟು ದೂರ ಹೋಗಿ, ನೀರು ನಿಂತಿರುವ ಹೊತ್ತಲ್ಲಿ ಗಾಳ ಹಾಕಿ ಕೂರುವವರು ನಮ್ಮ ಕೊಡಗಿನ ಕಡೆ ಜಾಸ್ತಿ. ಕಾವೇರಿಯಲ್ಲಿ ಮೀನು ಹಿಡಿದು ಅಭ್ಯಾಸ ಆದವರಿಗೆ ನೀರು ಯಾವಾಗಲೂ ಒಂದೇ ಕಡೆ ಹರಿಯುತ್ತದೆ, ಅಲ್ವಾ? ನದಿ ಕಡಲು ಸೇರುವ ಅಳಿವೆಯಲ್ಲಿ ಹಾಗಲ್ಲ. ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ, ನಡುವೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತದೆ. ನಿಂತ ಹೊತ್ತಲ್ಲಿ ಚಹಾ ಕುಡಿಯಿರಿ. ನೀರು ಓಡುವಾಗ ಸಿಗಡಿ, ಮರಿಮೀನು ಎಲ್ಲ ಸೆಳೆತಕ್ಕೆ ಸಿಕ್ಕಿ ಬರುತ್ತವೆ, ಸೀಬಾಸ್‌ನಂಥ ದೊಡ್ಡ ಮೀನು ಸೇತುವೆ ಕಂಬದ ಮರೆಯಲ್ಲೋ ಸಣ್ಣ ತೋಡು ಬಂದು ಸೇರುವ ಮೂಲೆಯಲ್ಲೋ ನಿಂತು ಅದಕ್ಕೇ ಕಾಯುತ್ತಿರುತ್ತದೆ.

ಏರು-ಇಳಿತದ ಪಟ್ಟಿ ಮೊಬೈಲ್‌ನಲ್ಲೇ ಸಿಗುತ್ತದೆ. ಇವತ್ತು ಬೆಳಿಗ್ಗೆ ಆರಕ್ಕೆ ನೀರು ತುಂಬಿದರೆ ನಾಳೆ ಸುಮಾರು ಆರೂ ಐವತ್ತಕ್ಕೆ ತುಂಬುತ್ತದೆ, ಈ ಲೆಕ್ಕ ತಲೆಯಲ್ಲಿದ್ದರೆ ಸಾಕು. ಆರು ಗಂಟೆಯ ಓಟದಲ್ಲಿ ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲಿ ನೀರು ಹೆಚ್ಚು ಜೋರು. ಆದರೆ ಪಟ್ಟಿಯಲ್ಲಿರುವುದು ಬಂದರಿನ ಹೊತ್ತು, ನದಿಯ ಒಳಗೆ ಹೋದಷ್ಟೂ ತಡ. ಅದಕ್ಕೇ ನೀರಿನ ಮೇಲೆ ತೇಲುವ ತೆಂಗಿನ ಸಿಪ್ಪೆ, ನೊರೆ ನೋಡಿ. ಕಡಲ ಕಡೆ ಹೋಗುತ್ತಿದ್ದ ಸಿಪ್ಪೆ ನಿಧಾನವಾಗಿ, ನಿಂತು, ಆಮೇಲೆ ಸೇತುವೆ ಕಡೆ ವಾಪಸ್ ಹೊರಟಿತು ಅಂದರೆ ಏರು ಶುರುವಾಯಿತು.

ಯಾವ ದಿನ ಹೋಗಬೇಕು ಅನ್ನೋದಕ್ಕೆ ಮನೆಯ ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದು ಕಳೆದ ಒಂದೆರಡು ದಿನ ಸೆಳೆತ ಜೋರು. ಅಷ್ಟಮಿ ಆಸುಪಾಸಿನಲ್ಲಿ ಸೋಮಾರಿ ನೀರು. ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುವುದೇ ಹುಣ್ಣಿಮೆ ಹೊತ್ತಿಗೆ, ಹಾಗಾಗಿ ಕದಿರು ತೆಗೆದ ಮರುದಿನ ಹೊರಟರೂ ಒಳ್ಳೆಯ ಸೆಳೆತ ಸಿಗುತ್ತದೆ. ಅಳಿವೆಗಾದರೆ ನಾನು ಜೋರಾದ ಇಳಿತವನ್ನೇ ಆರಿಸುತ್ತೇನೆ. ಮರಳು ದಂಡೆಯಲ್ಲಿ ಕಾಣೆ ಮೀನು ಹಿಡಿಯಲು ಅಷ್ಟು ರಭಸ ಬೇಡ, ನೀರು ಏರುತ್ತಾ ಬಂದರೆ ಸಾಕು. ಮರಳಲ್ಲಿರುವ ಹುಳ ತಿನ್ನಲು ಕಾಣೆ ದಂಡೆಯ ತೀರಾ ಹತ್ತಿರಕ್ಕೆ ಬರುತ್ತದೆ, ಗಾಳ ದೂರ ಎಸೆಯುವವರು ಅದರ ತಲೆ ಮೇಲಿಂದಲೇ ಎಸೆಯುತ್ತಾರೆ.

ಇನ್ನು ಮಳೆ. ಇದರಲ್ಲಿ ನಮಗೆ ಮಂಗಳೂರಿನವರಿಗಿಂತ ಅನುಕೂಲ ಜಾಸ್ತಿ, ಯಾಕೆಂದರೆ ಅವರ ಅಳಿವೆಗೆ ಹೋಗುವ ನೀರಿನಲ್ಲಿ ನಮ್ಮದೂ ಪಾಲಿದೆ. ಪುಷ್ಪಗಿರಿ ಕಡೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಪಯಸ್ವಿನಿ ಇಲ್ಲಿಂದ ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಮುಟ್ಟುತ್ತದೆ. ಬೆಟ್ಟದ ಮೇಲೆ ರಾತ್ರಿಯಿಡೀ ಸುರಿದಿದ್ದರೆ ಕೆಳಗೆ ಬಿಸಿಲಿದ್ದರೂ ಅಳಿವೆ ಕೆಂಪಾಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಯ ಒಂದೆರಡು ಹದಕ್ಕೆ ಹೆದರಬೇಕಿಲ್ಲ. ಜೋರು ಮಳೆಯಾದರೆ ಸಿಹಿನೀರು ಮೇಲೆ ಹರಿಯುತ್ತದೆ, ಭಾರದ ಉಪ್ಪುನೀರು ಅಡಿಯಲ್ಲಿ ಉಳಿಯುತ್ತದೆ, ಹಾಗಾಗಿ ಸೀಸ ಸ್ವಲ್ಪ ಜಾಸ್ತಿ ಕಟ್ಟಿ ತಳಕ್ಕೆ ಬಿಡಿ. ಏರಿನ ಕೊನೆಯ ಹೊತ್ತಿಗೆ ಅಳಿವೆ ಬಾಯಿಯ ಹತ್ತಿರ ಹೋಗಿ, ಕಡಲ ತಿಳಿನೀರು ಒಳಗೆ ಬರುವುದು ಆಗಲೇ.

ಗಾಳಿಯ ವಿಷಯ ಸುಲಭ: ಬೇಸಿಗೆಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲಿಂದ ಎದುರಿಗೆ ಬಂದು ದಾರವನ್ನು ಬಾಗಿಸುತ್ತದೆ. ಹಾಗಾಗಿ ನಡುರಾತ್ರಿ ಮನೆ ಬಿಡಬೇಕಾದೀತು. ಕಕ್ಕಡದಲ್ಲಿ, ಅಂದರೆ ನಡು ಮಳೆಗಾಲದಲ್ಲಿ, ಹೋಗಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧ ಇರುತ್ತದೆ, ದಡದಲ್ಲೂ ಅಲೆ ಯಾರ ಮಾತೂ ಕೇಳುವುದಿಲ್ಲ.

ಗಾಳಿ ಇಲ್ಲ ಅಂತ ಮಾತ್ರ ಧೈರ್ಯ ಮಾಡಬೇಡಿ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ, ಇಲ್ಲಿ ಎಲೆ ಅಲ್ಲಾಡದ ದಿನವೂ ದಡಕ್ಕೆ ಬಂದು ಅಪ್ಪಳಿಸುತ್ತದೆ, ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಇದು ಜಾಸ್ತಿ. ಮಲಯಾಳಿಗಳು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತದೆ, ಹಿಂದಿನ ರಾತ್ರಿ ನೋಡಿ. ತಡೆಗೋಡೆಯ ಕಲ್ಲಿಗೆ ಇಳಿಯುವ ಮುಂಚೆ ಕಾಲು ಗಂಟೆ ಅಲೆ ಗಮನಿಸಿ, ಏಕೆಂದರೆ ದೊಡ್ಡವು ಒಂದಿಷ್ಟು ಬಿಡುವು ಕೊಟ್ಟು ಗುಂಪಾಗಿ ಬರುತ್ತವೆ. ಕಲ್ಲು ಎಲ್ಲಿವರೆಗೆ ಒದ್ದೆಯಾಗಿದೆ, ಎಲ್ಲಿವರೆಗೆ ಹಸಿರು ಪಾಚಿ ಇದೆ ನೋಡಿ, ಅದಕ್ಕಿಂತ ಮೇಲೆಯೇ ನಿಲ್ಲಿ. ಅಲ್ಲಿಂದ ಗಾಳ ನೀರಿಗೆ ತಲುಪದಿದ್ದರೆ ಗಾಡಿ ಹತ್ತಿ ಒಳಗಿನ ಹಿನ್ನೀರಿಗೆ ಹೋಗಿ.