ರಾತ್ರಿ ಹಾಸಿಗೆ ಒದ್ದೆ: ನಮ್ಮಲ್ಲಿ ಫಲಿಸಿದ ಕ್ರಮ

ಮೂರೂವರೆ ವರ್ಷದ ಮಗಳು ಹಗಲಿನಲ್ಲಿ ತಾನೇ ಹೇಳಿ ಬಚ್ಚಲಿಗೆ ಹೋಗುತ್ತಿದ್ದಳು. ರಾತ್ರಿ ಮಾತ್ರ ಹಾಸಿಗೆ ಒದ್ದೆ. ನಡುರಾತ್ರಿ ಎಬ್ಬಿಸಿದರೆ ನಿದ್ದೆಗಣ್ಣಿನಲ್ಲೇ ಮುಗಿಸುತ್ತಿದ್ದಳು, ಬೆಳಗಿನ ಜಾವ ಮತ್ತೆ ಅದೇ ಕತೆ. ಸಂಜೆ ನೀರನ್ನೇ ನಿಲ್ಲಿಸುವುದು ರಾಯಚೂರಿನ ಬೇಸಿಗೆಯಲ್ಲಿ ಆಗದ ಮಾತು.

ತೊಂದರೆಯ ಮೂಲ ಇದ್ದದ್ದು ಹೊಟ್ಟೆಯಲ್ಲಿ: ಅವಳಿಗೆ ಮಲ ಗಟ್ಟಿಯಾಗುತ್ತಿತ್ತು. ಮಲಬದ್ಧತೆಯಾದರೆ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಹಾಗಾಗಿ ಮೊದಲು ಬೆಳಿಗ್ಗೆ ಪಪ್ಪಾಯಿ, ಮಧ್ಯಾಹ್ನ ರೊಟ್ಟಿಯ ಜೊತೆ ಪುಂಡಿಪಲ್ಲೆ. ತಿಂಡಿಯಾದ ಮೇಲೆ ಕಾಲಡಿ ಮಣೆ ಕೊಟ್ಟು ಐದು ನಿಮಿಷ ಕೂರಿಸಿದೆವು. ಮಲ ಮೆತ್ತಗಾದ ಮೇಲೆ ನೀರಿನ ಲೆಕ್ಕ: ಹೆಚ್ಚಿನದೆಲ್ಲ ಸಂಜೆ 5ರೊಳಗೆ, ಆಮೇಲೆ ಬಾಯಾರಿದಷ್ಟೇ. ರಾತ್ರಿ 8ಕ್ಕೆ ಒಮ್ಮೆ ಮೂತ್ರ, ಹಲ್ಲುಜ್ಜಿ ಕತೆ ಕೇಳಿ, ದೀಪ ಆರಿಸುವ ಮುಂಚೆ ಇನ್ನೊಮ್ಮೆ. ಈ ಎರಡನೆಯದನ್ನು ಬಿಡಲೇಬಾರದು.

ಐದು ವರ್ಷದೊಳಗೆ ರಾತ್ರಿ ಹಾಸಿಗೆ ಒದ್ದೆಯಾಗುವುದು ರೋಗವೇನಲ್ಲ. ಆದರೆ ಉರಿಮೂತ್ರ ಅಥವಾ ವಿಪರೀತ ಬಾಯಾರಿಕೆ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.